ಹುಲ್ಲು ಕತ್ತರಿಸಿದ ಕೂಡಲೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಹುದೇ?

ಪ್ರಶ್ನೆ: ಬ್ಯಾಟರಿಯಿಂದ ನಡೆಯುವ ಹುಲ್ಲು ಕತ್ತರಿಸುವ ಯಂತ್ರ ಬಳಸುತ್ತಿದ್ದೇನೆ. ಕೆಲಸ ಮುಗಿದ ಕೂಡಲೇ ಬ್ಯಾಟರಿಯನ್ನು ಬಿಚ್ಚಿ ಚಾರ್ಜರ್‌ಗೆ ಸಿಕ್ಕಿಸುತ್ತೇನೆ. ಮತ್ತೆ ಹುಲ್ಲು ಬೆಳೆಯುವವರೆಗೂ ಅದು ಅಲ್ಲೇ ಇರುತ್ತದೆ. ಬೇಕೆಂದಾಗ ಪೂರ್ತಿ ತುಂಬಿರಲಿ ಎಂಬ ಆಸೆ. ಇದರಿಂದ ತೊಂದರೆ ಇದೆಯೇ?

ಉತ್ತರ: ಇದೆ. ಬ್ಯಾಟರಿ ತುಂಬಿದ ಮೇಲೆ ಸರಿಯಾದ ಚಾರ್ಜರ್ ವಿದ್ಯುತ್ ಹರಿಸುವುದನ್ನು ತಾನೇ ನಿಲ್ಲಿಸುತ್ತದೆ, ಹಾಗಾಗಿ ಗಾಬರಿಯಾಗಬೇಕಿಲ್ಲ. ಆದರೆ ನಿಮ್ಮ ರೂಢಿಯಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ: ಬಿಸಿಯಾಗಿರುವಾಗ ಚಾರ್ಜ್ ಮಾಡುವುದು ಮತ್ತು ವಾರಗಟ್ಟಲೆ ತುಂಬಿದ ಸ್ಥಿತಿಯಲ್ಲಿ ಇಡುವುದು. ಎರಡೂ ಬ್ಯಾಟರಿಯ ಆಯುಷ್ಯವನ್ನು ಸದ್ದಿಲ್ಲದೆ ತಿನ್ನುತ್ತವೆ.

ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಬೆರಳುಗಾತ್ರದ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಅದನ್ನು ಕಟ್ಟಿರುತ್ತಾರೆ. ಒಂದು ಸೆಲ್‌ನ ಸರಾಸರಿ ವೋಲ್ಟೇಜ್ 3.6, ಪೂರ್ತಿ ತುಂಬಿದಾಗ 4.2. ಹತ್ತು ಸೆಲ್ ಸಾಲಿಟ್ಟರೆ 36 ವೋಲ್ಟ್. ಅಂಥ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 180 ವಾಟ್-ಅವರ್ ಶಕ್ತಿ ಇರುತ್ತದೆ. ಹತ್ತು ಮೊಬೈಲ್ ಫೋನ್‌ಗಳ ಬ್ಯಾಟರಿಯನ್ನು ಒಂದೇ ಡಬ್ಬಿಯಲ್ಲಿ ತುಂಬಿಟ್ಟ ಹಾಗೆ. ಈ ಶಕ್ತಿಯ ಜೊತೆಗೇ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣವೂ ಪ್ರತಿ ಸೆಲ್‌ನೊಳಗೆ ಇದೆ.

ದಟ್ಟವಾದ, ಒದ್ದೆ ಹುಲ್ಲಿನಲ್ಲಿ ಅಲಗು ತಿರುಗಲು ಮೋಟಾರು ಬಹಳ ವಿದ್ಯುತ್ ಎಳೆಯುತ್ತದೆ, ಸೆಲ್‌ಗಳು ಬಿಸಿಯೇರುತ್ತವೆ. ಹೊರಕವಚ ಬೆಚ್ಚಗಿದೆ ಎನಿಸಿದರೆ ಒಳಗಿನ ಸೆಲ್‌ಗಳು ಅದಕ್ಕಿಂತ ಬಿಸಿಯಾಗಿವೆ ಎಂದೇ ತಿಳಿಯಿರಿ. ಆ ಬಿಸಿಯ ಮೇಲೆ ಚಾರ್ಜಿಂಗ್‌ನ ಬಿಸಿಯೂ ಸೇರಿದರೆ ಒಳಗಿನ ದ್ರಾವಣ ಬೇಗ ಕೆಡುತ್ತದೆ. ಕೆಲವು ಚಾರ್ಜರ್‌ಗಳು ಬ್ಯಾಟರಿ ತಣಿಯುವವರೆಗೆ ದೀಪ ಮಿಟುಕಿಸುತ್ತಾ ಕಾಯುವುದು ಇದಕ್ಕೇ. ಅದನ್ನು ಚಾರ್ಜರ್ ಕೆಟ್ಟಿದೆ ಎಂದು ತಿಳಿಯಬೇಡಿ. ನೆರಳಿನಲ್ಲಿ ಅರ್ಧ ಗಂಟೆಯಾದರೂ ಬಿಡಿ. ನಾನು ಆ ಹೊತ್ತಿನಲ್ಲಿ ಅಲಗಿನ ಕೆಳಗೆ ಅಂಟಿದ ಹುಲ್ಲನ್ನು ಕೆರೆದು ತೆಗೆಯುತ್ತೇನೆ. ಬ್ಯಾಟರಿ ಬಿಚ್ಚಿಟ್ಟ ಯಂತ್ರದ ಅಲಗಿಗಷ್ಟೇ ಕೈ ಹಾಕಬೇಕು, ಆದ್ದರಿಂದ ಆ ಕೆಲಸಕ್ಕೂ ಇದೇ ಸರಿಯಾದ ಸಮಯ.

ಅತಿ ಚಳಿಯೂ ಅಷ್ಟೇ ಕೆಟ್ಟದ್ದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್‌ನ ಋಣ ಧ್ರುವವಾದ ಗ್ರಾಫೈಟ್‌ನೊಳಗೆ ಇಳಿಯದೆ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಈ ಹಾನಿ ಸರಿಹೋಗುವುದಿಲ್ಲ. ಚಳಿಯಲ್ಲಿದ್ದ ಬ್ಯಾಟರಿಯನ್ನು ಒಳಗೆ ತಂದು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಚಾರ್ಜಿಗೆ ಹಾಕಿ.

ಇನ್ನು ತುಂಬಿಸಿಡುವ ವಿಷಯ. ನಾಳೆ ಬೆಳಗ್ಗೆ ಹುಲ್ಲು ಕತ್ತರಿಸುವುದಿದ್ದರೆ ಇಂದು ಸಂಜೆ ಪೂರ್ತಿ ತುಂಬಿಸಿ, ಅದರಲ್ಲಿ ತಪ್ಪಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಮಾತ್ರ ಅರ್ಧದಷ್ಟು ಚಾರ್ಜ್‌ನಲ್ಲಿಡಿ. ಬ್ಯಾಟರಿಯ ಮೇಲೆ ಚಾರ್ಜ್ ತೋರಿಸುವ ನಾಲ್ಕು ದೀಪಗಳಿದ್ದರೆ ಎರಡು ಉರಿಯಲಿ. ತಂಪಾದ, ಒಣ ಜಾಗದಲ್ಲಿ, ಯಂತ್ರದಿಂದಲೂ ಚಾರ್ಜರ್‌ನಿಂದಲೂ ಬೇರ್ಪಡಿಸಿ ಇಡಬೇಕು. ಕೆಲವು ತಿಂಗಳಿಗೊಮ್ಮೆ ದೀಪ ನೋಡಿ, ಇಳಿದಿದ್ದರೆ ಸ್ವಲ್ಪ ತುಂಬಿಸಿ.

ಪೂರ್ತಿ ಬರಿದಾಗಲು ಬಿಡುವುದು ತುಂಬಿಸಿಡುವುದಕ್ಕಿಂತ ಅಪಾಯಕಾರಿ. ಸೆಲ್‌ನ ವೋಲ್ಟೇಜ್ ತೀರಾ ಕುಸಿದಾಗ ಒಳಗಿನ ತಾಮ್ರದ ಹಾಳೆ ದ್ರಾವಣದಲ್ಲಿ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ಅಂಥ ಬ್ಯಾಟರಿಯನ್ನು ಚಾರ್ಜರ್ ಸ್ವೀಕರಿಸುವುದಿಲ್ಲ. ಆಗ ಇನ್ನೊಂದು ಬ್ಯಾಟರಿಯಿಂದ ತಂತಿ ಎಳೆದು ಅದಕ್ಕೆ ‘ಜೀವ ಕೊಡುವ’ ಉಪಾಯಗಳು ವಿಡಿಯೊಗಳಲ್ಲಿ ಓಡಾಡುತ್ತವೆ. ದಯವಿಟ್ಟು ಅದನ್ನು ಮಾಡಬೇಡಿ. ಚಾರ್ಜರ್ ಬೇಡವೆಂದದ್ದು ನಿಮ್ಮ ಮನೆ ಉಳಿಯಲಿ ಎಂದು. ಪ್ಲಗ್ ಹೊಂದುತ್ತದೆ ಎಂಬ ಕಾರಣಕ್ಕೆ ಬೇರೆ ಕಂಪನಿಯ ಚಾರ್ಜರ್ ಬಳಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಚಾರ್ಜ್ ಮಾಡುವ ಜಾಗವನ್ನೂ ಆರಿಸಿಕೊಳ್ಳಬೇಕು. ಗಟ್ಟಿ ನೆಲ ಅಥವಾ ಕಲ್ಲಿನ ಕಟ್ಟೆ ಒಳ್ಳೆಯದು. ಹಾಸಿಗೆ, ರಟ್ಟಿನ ಪೆಟ್ಟಿಗೆ, ಒಣಹುಲ್ಲು, ಪೆಟ್ರೋಲ್ ಡಬ್ಬಿ ಹತ್ತಿರ ಇರಬಾರದು. ಹೊರಹೋಗುವ ಏಕೈಕ ದಾರಿಯಲ್ಲಂತೂ ಇಡಲೇಬಾರದು. ಎಲ್ಲರೂ ಮಲಗಿರುವಾಗ ಚಾರ್ಜ್ ಮಾಡದಿರುವುದೇ ಲೇಸು, ಏಕೆಂದರೆ ಅಪರೂಪಕ್ಕೆ ಬರುವ ಅವಘಡ ಕ್ಷಣಗಳಲ್ಲಿ ಬೆಳೆಯುತ್ತದೆ. ಒಂದು ಸೆಲ್ ಅತಿಯಾಗಿ ಬಿಸಿಯಾದರೆ ಅದರ ಎರಡು ಧ್ರುವಗಳ ನಡುವಿನ ತೆಳು ಪ್ಲಾಸ್ಟಿಕ್ ಪರದೆ ಕರಗಿ, ಧ್ರುವಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತುತ್ತದೆ. ಆ ಬೆಂಕಿ ಪಕ್ಕದ ಸೆಲ್‌ಗೆ, ಅದರಿಂದ ಮುಂದಿನದಕ್ಕೆ ಹಬ್ಬುತ್ತದೆ. ಹೊರಬರುವ ಬಿಳಿ ಹೊಗೆ ಹಬೆಯಲ್ಲ. ಹೊತ್ತಿಕೊಳ್ಳುವ ಅನಿಲಗಳ ಜೊತೆ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷವೂ ಅದರಲ್ಲಿರಬಹುದು. ಹೊಗೆ ಕಂಡರೆ ಬ್ಯಾಟರಿಯನ್ನು ಎತ್ತಿಕೊಂಡು ಓಡಬೇಡಿ. ಮನೆಯವರನ್ನು ಹೊರಗೆ ಕರೆದು, ಬಾಗಿಲು ಮುಚ್ಚಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು ಎಂಬುದನ್ನು ಮರೆಯಬೇಡಿ.

ಇಂಥ ಗತಿ ಬರುವ ಮುನ್ನ ಬ್ಯಾಟರಿ ಸುಳಿವು ಕೊಡುವುದುಂಟು: ಕವಚ ಉಬ್ಬುವುದು, ಸಿಹಿಯಾದ ರಾಸಾಯನಿಕ ವಾಸನೆ, ಸುಮ್ಮನಿದ್ದಾಗಲೂ ಬಿಸಿ. ಇವುಗಳಲ್ಲಿ ಒಂದು ಕಂಡರೂ ಬಳಕೆ ನಿಲ್ಲಿಸಿ. ಎತ್ತರದಿಂದ ಬಿದ್ದ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿ ನೋಡಲು ಚೆನ್ನಾಗಿದ್ದರೂ ನಂಬಬೇಡಿ. ಮೊಳೆ, ಕೀಲಿಕೈಗಳಿರುವ ಡಬ್ಬಿಯಲ್ಲಿ ಬ್ಯಾಟರಿ ಹಾಕಬೇಡಿ. ಲೋಹದ ತುಣುಕೊಂದು ಎರಡು ಸಂಪರ್ಕ ಬಿಂದುಗಳನ್ನು ಸೇರಿಸಿದರೆ ಸಾಕು, ಕಿಡಿ ಹಾರುತ್ತದೆ.

ಆಯುಷ್ಯ ಮುಗಿದ ಬ್ಯಾಟರಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ದೀಪವೇ ಉರಿಯದ ಬ್ಯಾಟರಿಯಲ್ಲೂ ಬೆಂಕಿ ಹತ್ತಿಸುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ಮನೆಯ ಕಸಕ್ಕೆ ಹಾಕಿದರೆ ಕಸದ ಲಾರಿಯ ಒತ್ತುಯಂತ್ರದಲ್ಲಿ ಅದು ನಜ್ಜುಗುಜ್ಜಾಗುತ್ತದೆ, ಬೆಂಕಿ ಏಳುವುದು ಅಲ್ಲಿ, ಸುಡುವುದು ಕಸ ಸಾಗಿಸುವವರನ್ನು. ಸಂಪರ್ಕ ಬಿಂದುಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದನ್ನೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಲಿಥಿಯಂ ಬ್ಯಾಟರಿ ಸ್ವೀಕರಿಸುವ ಇ-ತ್ಯಾಜ್ಯ ಕೇಂದ್ರಕ್ಕೆ ಅಥವಾ ಹಿಂಪಡೆಯುವ ಅಂಗಡಿಗೆ ಕೊಡಿ. ಉಬ್ಬಿದ್ದರೆ ಒಯ್ಯುವ ಮೊದಲು ಆ ಕೇಂದ್ರಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಅದು ಮನೆಯ ಹೊರಗೆ, ಗೋಡೆಗಳಿಂದ ದೂರ, ಮಳೆ ತಾಗದ ಕಡೆ ಮರಳಿನ ಮೇಲೆ ಇರಲಿ.

ಮರುಬಳಕೆಯ ಕಾರ್ಖಾನೆಯಲ್ಲಿ ಉಳಿದ ಶಕ್ತಿಯನ್ನು ತೆಗೆದು, ಬೆಂಕಿ ಏಳದಂಥ ವಾತಾವರಣದಲ್ಲಿ ಬ್ಯಾಟರಿಯನ್ನು ಪುಡಿ ಮಾಡುತ್ತಾರೆ. ತಾಮ್ರ, ಅಲ್ಯೂಮಿನಿಯಂ ಬೇರೆಯಾಗಿ, ಉಳಿದ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಲಿಥಿಯಂ, ನಿಕ್ಕಲ್, ಕೋಬಾಲ್ಟ್ ಹಿಂಪಡೆಯುತ್ತಾರೆ. ಇವು ಹೊಸ ಬ್ಯಾಟರಿಗೆ ಹೋಗಬಲ್ಲವು. ಕೆಲವು ಹಳೆಯ ಯಂತ್ರಗಳಲ್ಲಿ ಭಾರವಾದ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಅದನ್ನೂ ಕೇಂದ್ರಕ್ಕೇ ಕೊಡಬೇಕು, ಆದರೆ ಲಿಥಿಯಂ ಬ್ಯಾಟರಿಗಳ ರಾಶಿಗೆ ಸೇರಿಸಬಾರದು. ಎರಡನ್ನೂ ಸಂಸ್ಕರಿಸುವ ವಿಧಾನ ಬೇರೆಬೇರೆ. ಗುರುತಿಗೆ ಬ್ಯಾಟರಿಯ ಮೇಲಿನ ಚೀಟಿ ನೋಡಿ: ಲಿಥಿಯಂ ಇದ್ದರೆ ಆ ಹೆಸರನ್ನು ಅದರಲ್ಲಿ ಬರೆದಿರುತ್ತಾರೆ.