ನಿಂತ ಗಾಣದ ಚಿತ್ರ: ಯಹೂದಿ ಕಲೆಯಲ್ಲಿ ಸಬ್ಬತ್

ಕೊಂಕಣ ಕರಾವಳಿಯ ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳನ್ನು ನೆರೆಹೊರೆಯವರು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ಮರಾಠಿಯ ತೇಲಿ ಎಂದರೆ ಗಾಣಿಗ. ಶನಿವಾರ ಇವರ ಗಾಣ ತಿರುಗುತ್ತಿರಲಿಲ್ಲ. ಊರಲ್ಲಿ ಬೇರೆ ಗಾಣಿಗರೂ ಇದ್ದುದರಿಂದ, ಇವರ ಗುರುತು ನಿಂತದ್ದು ಕೆಲಸದ ಮೇಲಲ್ಲ, ಕೆಲಸ ನಿಲ್ಲಿಸುವ ದಿನದ ಮೇಲೆ. ಹೀಗೆ ಕೆಲಸ ನಿಲ್ಲಿಸುವ, ಯಹೂದಿಗಳ ವಾರದ ಬಿಡುವಿನ ದಿನವೇ ಸಬ್ಬತ್. ಅದರ ಆಜ್ಞೆ ಮನೆಯ ಆಳುಗಳಿಗೂ ಎತ್ತು ಕತ್ತೆಗಳಿಗೂ ಬಿಡುವು ಕೊಡುತ್ತದೆ ಎಂಬುದು, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಎಷ್ಟೋ ಹಳ್ಳಿಗಳ ರೂಢಿ ಬಲ್ಲವರಿಗೆ ತೀರಾ ಹೊಸದೆನಿಸಲಾರದು. ಆದರೆ ತಿರುಗುವ ಗಾಣವನ್ನು ಚಿತ್ರಿಸಿದಷ್ಟು ಸುಲಭವಾಗಿ ನಿಂತ ಗಾಣವನ್ನು ಚಿತ್ರಿಸಲಾಗದು. ಯಹೂದಿ ಕಲಾವಿದರನ್ನು ಎರಡು ಶತಮಾನಗಳಿಂದ ಕಾಡಿರುವುದು ಈ ತೊಡಕೇ.

ತೊಡಕಿನ ಬೇರು ಧರ್ಮಗ್ರಂಥದಲ್ಲಿಯೇ ಇದೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಮೂಡುವವರೆಗಿನ ಅವಧಿಯಲ್ಲಿ ನಿಷಿದ್ಧವಾದ 39 ಬಗೆಯ ಕೆಲಸಗಳನ್ನು ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಕಲನವಾದ ಮಿಶ್ನಾ ಹೆಸರಿಸುತ್ತದೆ. ಬಣ್ಣ ಹಾಕುವುದು, ನೇಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಪ್ರಾಚೀನ ಇಸ್ರೇಲರು ಮರುಭೂಮಿಯಲ್ಲಿ ಆರಾಧನೆಗೆಂದು ದೇವದರ್ಶನದ ಗುಡಾರವನ್ನು ಕಟ್ಟಲು ಬೇಕಾದ ಕಸುಬುಗಳೇ ಈ ಪಟ್ಟಿಗೆ ಆಧಾರ ಎಂದು ಧರ್ಮಪಂಡಿತರು ವಿವರಿಸಿದರು. ಬೈಬಲಿನ ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ಆ ಗುಡಾರದ ಶಿಲ್ಪಿಯಾದ ಬೆಚಲೇಲನನ್ನು ದೇವರು ಹೆಸರು ಹಿಡಿದು ನೇಮಿಸುತ್ತಾನೆ; ಅದೇ ಅಧ್ಯಾಯದಲ್ಲಿ, ಅದರ ಬೆನ್ನಿಗೇ, ಸಬ್ಬತ್ತಿನ ಆಜ್ಞೆ ಬರುತ್ತದೆ. ಎಂದರೆ ಕೆಲಸ ಯಾವುದು ಎಂಬುದನ್ನು ಅಳೆದದ್ದು ಕಲಾವಿದನ ಕೈಯಿಂದ. ನಿಯಮ ಪಾಲಿಸುವ ಚಿತ್ರಕಾರ ಸಬ್ಬತ್ತನ್ನು ಎದುರಿಟ್ಟುಕೊಂಡು ಬರೆಯುವಂತಿಲ್ಲ. ಬೇರೊಂದು ದಿನ ಕುಳಿತು ನೆನಪಿನಿಂದಲೇ ಬರೆಯಬೇಕು. ವಿಗ್ರಹ ನಿಷೇಧದಿಂದಾಗಿ ಯಹೂದಿಗಳಲ್ಲಿ ಚಿತ್ರಕಲೆಯೇ ಇರಲಿಲ್ಲ ಎಂಬ ಮಾತು ಮಾತ್ರ ನಿಜವಲ್ಲ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ 1932ರಲ್ಲಿ ಪತ್ತೆಯಾದ, ಮೂರನೆಯ ಶತಮಾನದ ಪ್ರಾರ್ಥನಾ ಮಂದಿರದ ಗೋಡೆಗಳ ತುಂಬ ಚಿತ್ರಗಳಿವೆ.

ಆಧುನಿಕ ಅರ್ಥದಲ್ಲಿ ಈ ವಿಷಯವನ್ನು ಚಿತ್ರಕ್ಕೆ ತಂದವರಲ್ಲಿ ಮೊದಲಿಗ ಎನ್ನಬಹುದಾದವನು ಜರ್ಮನಿಯ ಮೊರಿಟ್ಜ್ ಡೇನಿಯಲ್ ಓಪನ್‌ಹೈಮ್ (1800–1882). 1833–34ರಲ್ಲಿ ಅವನು ಬರೆದ ಚಿತ್ರವೊಂದರಲ್ಲಿ, ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಸ್ವಯಂಸೇವಕನಾಗಿ ಹೋಗಿದ್ದ ಯಹೂದಿ ತರುಣ ಮನೆಗೆ ಮರಳಿದ್ದಾನೆ. ಮನೆಯವರು ಅವನ ಸುತ್ತ ನೆರೆದಿದ್ದಾರೆ. ತಂದೆಯ ಕಣ್ಣು ಮಾತ್ರ ಮಗನ ಎದೆಯ ಮೇಲಿನ ಪದಕದ ಮೇಲೆ ನೆಟ್ಟಿದೆ. ಅದು ಪ್ರಷ್ಯದ ‘ಕಬ್ಬಿಣದ ಶಿಲುಬೆ’; ಶೌರ್ಯದ ಗುರುತು ಹೌದು, ಆದರೆ ಶಿಲುಬೆಯೂ ಹೌದು. ಗೋಡೆಯ ಮೇಲೆ ಪ್ರಷ್ಯದ ದೊರೆ ಫ್ರೆಡರಿಕ್‌ನ ಭಾವಚಿತ್ರ, ಮೇಜಿನ ಮೇಲೆ ಸಬ್ಬತ್ತಿನ ರೊಟ್ಟಿ ಮತ್ತು ದ್ರಾಕ್ಷಾರಸದ ಬಟ್ಟಲು. ಸಬ್ಬತ್ತಿನ ದಿನ ಪ್ರಯಾಣ ಮಾಡಬಾರದು, ಮಗ ಪ್ರಯಾಣ ಮಾಡಿಯೇ ಬಂದಿದ್ದಾನೆ. ಅವನನ್ನು ಅಪ್ಪಿಕೊಳ್ಳುವ ಸಂತೋಷ, ನಿಯಮ ಮುರಿದ ಅಳುಕು, ದೇಶಕ್ಕಾಗಿ ರಕ್ತ ಕೊಟ್ಟರೂ ಸಮಾನ ಹಕ್ಕು ಸಿಗದ ಕಹಿ, ಮೂರೂ ಒಂದೇ ಕೋಣೆಯಲ್ಲಿವೆ. ಬಾಡೆನ್ ಪ್ರಾಂತದ ಯಹೂದಿಗಳು ಈ ಚಿತ್ರವನ್ನು ಸಮಾನತೆಯ ಹೋರಾಟಗಾರ ಗೇಬ್ರಿಯಲ್ ರೀಸರ್‌ಗೆ ಕಾಣಿಕೆಯಾಗಿ ಕೊಟ್ಟದ್ದು ಆಕಸ್ಮಿಕವಲ್ಲ.

ಓಪನ್‌ಹೈಮ್ ನೆಲೆಸಿದ್ದ ಫ್ರಾಂಕ್‌ಫರ್ಟ್‌ನ ಯಹೂದಿಗಳಿಗೆ ಪೂರ್ಣ ಸಮಾನತೆ ದೊರೆತದ್ದು 1864ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1866ರಿಂದ, ಓಪನ್‌ಹೈಮ್ ಹಳೆಯ ಯಹೂದಿ ಕೇರಿಯ ಕೌಟುಂಬಿಕ ಬದುಕಿನ ಚಿತ್ರಮಾಲೆಯನ್ನು ಪ್ರಕಟಿಸತೊಡಗಿದನು. ಛಾಯಾಚಿತ್ರದ ಮೂಲಕ ಅಚ್ಚಾಗಲು ಅನುಕೂಲವಾಗಲೆಂದು ಬೂದು ಬಣ್ಣದ ಛಾಯೆಗಳಲ್ಲಿಯೇ ಬರೆದ ಈ ಚಿತ್ರಗಳು ಪೋಸ್ಟ್‌ಕಾರ್ಡುಗಳ ಮೇಲೂ ತಟ್ಟೆಗಳ ಮೇಲೂ ಮನೆಮನೆ ಸೇರಿದವು. ಶುಕ್ರವಾರ ಸಂಜೆಯ ಚಿತ್ರದಲ್ಲಿ ಮೇಜಿನ ಮೇಲೆ ನಕ್ಷತ್ರಾಕಾರದ ಹಿತ್ತಾಳೆಯ ತೂಗುದೀಪವಿದೆ. ವಾರವಿಡೀ ಮೇಲಿರುವ ಈ ದೀಪವನ್ನು ಆ ಸಂಜೆ ಹಲ್ಲುಪಟ್ಟಿಯ ಮೇಲೆ ಕೆಳಗಿಳಿಸಿ ಹೊತ್ತಿಸುತ್ತಿದ್ದರು. ದೀಪ ಇಳಿದರೆ ಚಿಂತೆ ಮೇಲೇರುತ್ತದೆ ಎಂಬ ಗಾದೆಯೇ ಜರ್ಮನ್ ಯಹೂದಿಗಳಲ್ಲಿತ್ತು. ಬೆಂಕಿ ಹೊತ್ತಿಸುವುದು ನಿಷಿದ್ಧವಾದ್ದರಿಂದ ಸೂರ್ಯ ಮುಳುಗುವ ಮೊದಲೇ ದೀಪ ಉರಿಯುತ್ತಿರಬೇಕು. ಹಾಗಾಗಿ ಈ ಚಿತ್ರಗಳಲ್ಲಿ ದೀಪವೇ ಗಡಿಯಾರ. ಕೇರಿಯಿಂದ ಹೊರಬಂದವರಿಗೆ ಕೇರಿ ಇಷ್ಟು ಸುಂದರವಾಗಿ ಕಂಡಿತಲ್ಲ ಎಂಬ ವ್ಯಂಗ್ಯವನ್ನೂ ಇಲ್ಲಿ ಗಮನಿಸಬೇಕು. ಅಲ್ಲಿ ಬದುಕಿದವರ ಇಕ್ಕಟ್ಟು ಓಪನ್‌ಹೈಮ್‌ನ ಚಿತ್ರಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇದೇ ಹಂಬಲ ವಿಯೆನ್ನಾದಲ್ಲಿ ಒಂದು ಕೋಣೆಯ ರೂಪ ತಾಳಿತು. ಪೂರ್ವ ಯುರೋಪಿನ ಗಲೀಷಿಯಾದ ಸಣ್ಣ ಊರುಗಳಲ್ಲಿ ತಿರುಗಾಡಿ ಚಿತ್ರ ಬರೆಯುತ್ತಿದ್ದ ಇಸಿಡೋರ್ ಕೌಫ್ಮನ್, 1899ರಲ್ಲಿ ವಿಯೆನ್ನಾದ ಯಹೂದಿ ಸಂಗ್ರಹಾಲಯದೊಳಗೆ ಸಬ್ಬತ್ತಿಗೆ ಅಣಿಯಾದ ಒಂದು ಮನೆಯ ಕೋಣೆಯನ್ನೇ ಜೋಡಿಸಿಟ್ಟನು. ಸಬ್ಬತ್ ಆಚರಿಸುವುದನ್ನು ಬಿಟ್ಟಿದ್ದ ನಗರವಾಸಿಗಳೂ ತಮ್ಮ ಅಜ್ಜಿಯ ಮನೆಯನ್ನು ಅಲ್ಲಿ ನೋಡಬಹುದಿತ್ತು. 1938ರಲ್ಲಿ ನಾಜಿಗಳು ಆ ಸಂಗ್ರಹಾಲಯವನ್ನು ಮುಚ್ಚಿಸಿದರು. ಕೌಫ್ಮನ್ ತನ್ನ ಕೊನೆಯ ದಿನಗಳಲ್ಲಿ, ಸುಮಾರು 1920ರಲ್ಲಿ, ಬರೆದ ಶುಕ್ರವಾರ ಸಂಜೆಯ ಚಿತ್ರ ಇಂದು ನ್ಯೂಯಾರ್ಕ್‌ನಲ್ಲಿದೆ: ಬಿಳಿ ಹಾಸಿನ ಮೇಜು, ಉರಿಯುವ ಮೇಣದ ಬತ್ತಿಗಳು, ಪಕ್ಕದಲ್ಲಿ ಒಬ್ಬಳೇ ಕುಳಿತ ಹೆಂಗಸು. ಅವಳು ಏನನ್ನೂ ಮಾಡುತ್ತಿಲ್ಲ. ನನ್ನ ಮಟ್ಟಿಗೆ ಬಿಡುವನ್ನು ಇದಕ್ಕಿಂತ ಸರಳವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ.

ಈಗಿನ ಬೆಲಾರೂಸಿನ ವಿಟೆಬ್ಸ್ಕ್‌ನಿಂದ ಪ್ಯಾರಿಸ್ಸಿಗೆ ಬಂದ ಮಾರ್ಕ್ ಶಗಾಲ್ 1910ರಲ್ಲಿ ಬರೆದ ‘ಸಬ್ಬತ್’ ಚಿತ್ರದಲ್ಲಿ ಈ ಶಾಂತಿಯಿಲ್ಲ. ಕೆಂಪು ಹಳದಿಗಳು ಉರಿಯುವ ಕೋಣೆಯಲ್ಲಿ ಮನೆಯವರು ಜಡವಾಗಿ ಕುಳಿತಿದ್ದಾರೆ, ಗೋಡೆಯ ಗಡಿಯಾರ ಎಲ್ಲರಿಗಿಂತ ಎದ್ದು ಕಾಣುತ್ತದೆ. ಇಲ್ಲಿ ಬಿಡುವು ಮುಗಿಯದ ಕಾಯುವಿಕೆಯಂತಿದೆ.

ಇತ್ತೀಚಿನ ಕಲಾವಿದರು ಮನೆಯಿಂದ ಬೀದಿಗೆ ಬಂದಿದ್ದಾರೆ. ಸಬ್ಬತ್ತಿನಲ್ಲಿ ಮನೆಯಿಂದ ಹೊರಗೆ ಏನನ್ನೂ ಹೊತ್ತೊಯ್ಯುವಂತಿಲ್ಲ. ಕೂಸನ್ನು ಎತ್ತಿಕೊಂಡು ಹೋಗುವುದಕ್ಕೂ ಅಡ್ಡಿಯಿದೆ. ಆದ್ದರಿಂದ ಕಂಬ ನೆಟ್ಟು ತಂತಿ ಎಳೆದು ಇಡೀ ಬಡಾವಣೆಯನ್ನೇ ಒಂದು ಮನೆಯೆಂದು ಭಾವಿಸುವ ‘ಎರೂವ್’ ಎಂಬ ಏರ್ಪಾಡು ಬಂತು. ಫ್ರೆಂಚ್ ಕಲಾವಿದೆ ಸೋಫಿ ಕಾಲ್ 1996ರಲ್ಲಿ ಜೆರುಸಲೇಮಿನ ಎರೂವ್ ಕುರಿತ ಕೃತಿ ರಚಿಸಿದಾಗ, ಸಾರ್ವಜನಿಕವಾದರೂ ತಮ್ಮದೇ ಎನಿಸುವ ಜಾಗಕ್ಕೆ ತನ್ನನ್ನು ಕರೆದೊಯ್ಯುವಂತೆ ಅಲ್ಲಿನ ಯಹೂದಿ ನಿವಾಸಿಗಳನ್ನೂ ಪ್ಯಾಲೆಸ್ತೀನಿಯರನ್ನೂ ಕೇಳಿದಳು. ಅವರು ಹೇಳಿದ ಕಥೆಗಳ ಜೊತೆ ಆಕೆ ಇಟ್ಟ ಛಾಯಾಚಿತ್ರಗಳಲ್ಲಿ ದೀಪವಿಲ್ಲ, ರೊಟ್ಟಿಯಿಲ್ಲ. ಕಂಬಗಳಿವೆ, ಅವುಗಳ ನಡುವೆ ತಂತಿಯಿದೆ. ತಿಳಿಯದವರು ಅದನ್ನು ಟೆಲಿಫೋನ್ ತಂತಿಯೆಂದುಕೊಂಡು ದಾಟಿ ಹೋಗುತ್ತಾರೆ.