ಕೇಳಿದವರಿಗೆ ಮಾತ್ರ ಸಿಗುತ್ತಿದ್ದ ಕ್ಲಾಸು

ಅಮೆರಿಕದಲ್ಲಿ ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಮುಂದಿನ ವರ್ಷ ಯಾವ ಗಣಿತ, ಯಾವ ವಿಜ್ಞಾನ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅಪ್ಪ ಅಮ್ಮನ ಸಹಿಗೆ ಜಾಗ. ಸರಿಯಾಗಿ ಓದದೆ ಸಹಿ ಹಾಕಿಬಿಟ್ಟೆ. ಎರಡು ದಿನ ಬಿಟ್ಟು ಕನ್ನಡ ಕೂಟದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಎಂಟರಲ್ಲಿ ಆಲ್ಜೀಬ್ರಾ ಹಾಕಿದ್ದಾರಾ?" ಎಂದು ಕೇಳಿದರು. ಹಾಕಿರಲಿಲ್ಲ. "ನಾಳೆನೇ ಹೋಗಿ ಕೇಳಿ. ಇಲ್ಲಾಂದ್ರೆ ಹನ್ನೆರಡನೇ ಕ್ಲಾಸಿಗೆ ಕ್ಯಾಲ್ಕುಲಸ್ ಸಿಗೋದು ಕಷ್ಟ" ಎಂದರು. ಹೋಗಿ ಕೇಳಿದೆ. ಅವಳ ಅಂಕ ನೋಡಿದರು, ಹತ್ತು ನಿಮಿಷದಲ್ಲಿ ಬದಲಾಯಿಸಿಕೊಟ್ಟರು.

ಖುಷಿಯಾಯಿತು. ಜೊತೆಗೆ ಮನಸ್ಸಿಗೆ ಒಂದು ಕಸಿವಿಸಿ. ಅವಳಷ್ಟೇ ಅಂಕ ತೆಗೆದ ಬೇರೆ ಮಕ್ಕಳೂ ಅದೇ ಕ್ಲಾಸಿನಲ್ಲಿ ಇದ್ದರು. ಅವರ ಅಪ್ಪ ಅಮ್ಮನಿಗೆ ಹೀಗೆ ಹೋಗಿ ಕೇಳಬಹುದು ಎಂದು ಹೇಳುವವರೇ ಇರಲಿಲ್ಲ. ಅವರು ಸಹಿ ಹಾಕಿದ ಹಾಳೆ ಹಾಗೇ ಉಳಿಯಿತು.

ಊರಲ್ಲಿರುವ ಓದುಗರಿಗೆ ಇಲ್ಲಿನ ಪದ್ಧತಿ ಸ್ವಲ್ಪ ವಿವರಿಸಬೇಕು. ಇಲ್ಲಿ ಹೈಸ್ಕೂಲು ಎಂದರೆ 9ರಿಂದ 12. ನಮ್ಮ ಪಿಯುಸಿಯ ಹಾಗೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ವಿಭಾಗ ಇಲ್ಲ. ಒಂದೊಂದೇ ವಿಷಯ ಆರಿಸಿಕೊಳ್ಳಬೇಕು. ಒಂದೇ ವಿಷಯಕ್ಕೆ ಸಾಮಾನ್ಯ ಕ್ಲಾಸೂ ಇರುತ್ತದೆ, ಕಷ್ಟದ ಕ್ಲಾಸೂ ಇರುತ್ತದೆ. ಕಷ್ಟದ ಕ್ಲಾಸುಗಳಲ್ಲಿ ಹೆಸರಾದದ್ದು ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಅಥವಾ ಹೆಚ್ಚು ಬಂದರೆ ಬಹಳಷ್ಟು ಕಾಲೇಜುಗಳು ಆ ವಿಷಯ ಓದಿದ ಲೆಕ್ಕ ಕೊಡುತ್ತವೆ. ಕಾಲೇಜು ಸೇರುವಾಗ ಅರ್ಜಿಗೆ ತೂಕ ಬರುತ್ತದೆ, ಸೇರಿದ ಮೇಲೆ ಫೀಸೂ ಉಳಿಯಬಹುದು. ಹಾಗಾಗಿ ಯಾರಿಗೆ ಎಪಿ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಸಣ್ಣ ಪ್ರಶ್ನೆಯಲ್ಲ.

ಶುರುವಾದಾಗ ಇದು ಎಲ್ಲರಿಗೂ ಎಂದು ಯಾರೂ ಅಂದುಕೊಂಡಿರಲಿಲ್ಲ. 1950ರ ದಶಕದ ಆರಂಭದಲ್ಲಿ ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಸಿರಿವಂತ ಖಾಸಗಿ ಶಾಲೆಗಳು ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಜೊತೆ ಕೂತು ಒಂದು ಅಧ್ಯಯನ ಮಾಡಿದವು. ಒಳ್ಳೆಯ ಶಾಲೆಯಿಂದ ಬಂದ ಜಾಣ ಹುಡುಗರು ಕಾಲೇಜಿನ ಮೊದಲ ವರ್ಷದಲ್ಲಿ ಓದಿದ್ದನ್ನೇ ಮತ್ತೆ ಓದುತ್ತಿದ್ದಾರೆ, ಅವರ ಸಮಯ ಹಾಳಾಗುತ್ತಿದೆ ಎಂಬುದು ಅವರ ಚಿಂತೆ. ಅದೇ ಹೊತ್ತಿಗೆ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸ್ ಮುಂದಾಳತ್ವದಲ್ಲಿ ಇನ್ನೊಂದು ಗುಂಪು ಇದೇ ಕೆಲಸಕ್ಕೆ ಇಳಿದಿತ್ತು. ದುಡ್ಡು ಬಂದದ್ದು ಫೋರ್ಡ್ ಫೌಂಡೇಶನ್ ಕಡೆಯಿಂದ. 1955ರಲ್ಲಿ ಕಾಲೇಜು ಪ್ರವೇಶದ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡಿತು. 1956ರಲ್ಲಿ ನಡೆದ ಮೊದಲ ಪರೀಕ್ಷೆಗೆ ಕೂತವರು 104 ಶಾಲೆಗಳ 1,229 ಮಕ್ಕಳು. ಅಷ್ಟು ದೊಡ್ಡ ದೇಶಕ್ಕೆ ಅಷ್ಟೇ.

ಮರುವರ್ಷ ರಷ್ಯಾ ಸ್ಪುಟ್ನಿಕ್ ಹಾರಿಸಿತು. ವಿಜ್ಞಾನ, ಗಣಿತದಲ್ಲಿ ಹಿಂದೆ ಬಿದ್ದೆವು ಎಂಬ ಭಯ ಅಮೆರಿಕವನ್ನು ಹಿಡಿಯಿತು. 1958ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿ ಹಣ ಸುರಿದರು. ಎಪಿಗೂ ಒಳ್ಳೆಯ ಕಾಲ ಬಂತು. ಆದರೆ ಹುಡುಕಾಟವೆಲ್ಲ 'ಅತಿ ಜಾಣ'ರಿಗಾಗಿ. ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇರೆ ಬೇರೆ ಶಾಲೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1954ರಲ್ಲೇ ತೀರ್ಪು ಕೊಟ್ಟಿತ್ತು. ಮುಂದೆ ಎಷ್ಟೋ ಕಡೆ ಮಕ್ಕಳು ಒಂದೇ ಗೇಟಿನಿಂದ ಒಳಗೆ ಬಂದರೂ ಕೂತದ್ದು ಬೇರೆ ಬೇರೆ ಕೋಣೆಗಳಲ್ಲಿ. ಮೇಲಿನ ಕ್ಲಾಸಿಗೆ ಯಾರು ಎಂದು ಟೀಚರೋ ಕೌನ್ಸೆಲರೋ ತೀರ್ಮಾನಿಸುತ್ತಿದ್ದರು.

ಆ ತೀರ್ಮಾನವನ್ನು ಅಲುಗಾಡಿಸಿದವರಲ್ಲಿ ನನಗೆ ತುಂಬಾ ಹತ್ತಿರ ಅನಿಸುವವರು ಹೈಮೆ ಎಸ್ಕಲಾಂಟೆ. ಬೊಲಿವಿಯಾದಲ್ಲಿ ಮೇಷ್ಟರಾಗಿದ್ದವರು ಅಮೆರಿಕಕ್ಕೆ ಬಂದರು. ಭಾಷೆ ಬರಲಿಲ್ಲ, ಅವರ ಪದವಿಗೆ ಬೆಲೆ ಸಿಗಲಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಮತ್ತೆ ಓದಿ, 1974ರಲ್ಲಿ ಈಸ್ಟ್ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿಗೆ ಗಣಿತದ ಮೇಷ್ಟರಾದರು. ಅಲ್ಲಿದ್ದದ್ದು ಹೆಚ್ಚಿನಂಶ ಮೆಕ್ಸಿಕೋ ಮೂಲದ ಬಡ ಕುಟುಂಬಗಳ ಮಕ್ಕಳು. 1978ರಲ್ಲಿ ಕ್ಯಾಲ್ಕುಲಸ್ ಕ್ಲಾಸು ಶುರು ಮಾಡಿದಾಗ ಕೊನೆತನಕ ಉಳಿದವರು ಬೆರಳೆಣಿಕೆಯ ಮಕ್ಕಳು. 1982ರಲ್ಲಿ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಪಾಸಾದರು. ಆಗ ಪರೀಕ್ಷೆ ನಡೆಸುವವರಿಗೆ ಅನುಮಾನ ಬಂತು. ಉತ್ತರಗಳು ಒಂದಕ್ಕೊಂದು ಹೋಲುತ್ತವೆ ಎಂದು 14 ಮಕ್ಕಳ ಅಂಕ ತಡೆಹಿಡಿದರು. ಅವರಲ್ಲಿ 12 ಮಂದಿ ಮತ್ತೆ ಪರೀಕ್ಷೆಗೆ ಕೂತರು. 12 ಮಂದಿಯೂ ಪಾಸ್.

ಈ ಕಥೆ 1988ರಲ್ಲಿ ಸಿನಿಮಾ ಆಯಿತು, ಜಗತ್ತಿಗೆಲ್ಲ ಗೊತ್ತಾಯಿತು. ಒಬ್ಬ ಮೇಷ್ಟರು ಒಂದೇ ವರ್ಷದಲ್ಲಿ ಪವಾಡ ಮಾಡಿದರು ಎಂದು ಜನರ ಮನಸ್ಸಲ್ಲಿ ಉಳಿದುಬಿಟ್ಟಿತು. ನಡೆದದ್ದು ಹಾಗಲ್ಲ. ಅವರು ವರ್ಷಗಟ್ಟಲೆ ತಳಪಾಯ ಹಾಕಿದ್ದರು. ಕೆಳಗಿನ ಶಾಲೆಗಳ ಗಣಿತ ಸರಿಪಡಿಸಿದರು. ಬೇಸಿಗೆ ರಜೆಯಲ್ಲಿ ಹತ್ತಿರದ ಕಾಲೇಜಿನಲ್ಲಿ ಪಾಠ ಇಟ್ಟರು. ಬೆನ್ನಿಗೆ ನಿಂತ ಪ್ರಿನ್ಸಿಪಾಲರೂ ಇದ್ದರು. 1987ರ ಹೊತ್ತಿಗೆ ಆ ಒಂದು ಶಾಲೆಯಿಂದ 73 ಮಕ್ಕಳು ಮೊದಲ ಹಂತದ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದರು. 1991ರಲ್ಲಿ ಅವರು ಶಾಲೆ ಬಿಟ್ಟರು, ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಕುಸಿಯಿತು. ಒಬ್ಬ ಒಳ್ಳೆಯ ಮೇಷ್ಟರ ಮೇಲೆ ಎಲ್ಲವನ್ನೂ ಹೊರಿಸಿದರೆ ಆಗುವುದೇ ಹೀಗೆ.

ಗಾರ್‌ಫೀಲ್ಡ್ ಮಕ್ಕಳು ಎರಡನೇ ಸಲ ಪರೀಕ್ಷೆ ಬರೆದ ಅದೇ 1982ರಲ್ಲಿ, ದೇಶದ ಇನ್ನೊಂದು ತುದಿಯ ಕೇಂಬ್ರಿಜ್ ಊರಿನಲ್ಲಿ ಒಬ್ಬ ಅಪ್ಪ ಮಗಳ ಶಾಲೆಗೆ ಹೋದರು. ಹೆಸರು ಬಾಬ್ ಮೋಸೆಸ್. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಹೋಗಿ ಏಟು ತಿಂದವರು. ಎಂಟನೇ ಕ್ಲಾಸಿಗೆ ಬಂದ ಮಗಳಿಗೆ ಆ ಶಾಲೆಯಲ್ಲಿ ಆಲ್ಜೀಬ್ರಾ ಇರಲಿಲ್ಲ. ತಾವೇ ಪಾಠ ಹೇಳಿಕೊಡಲು ಕೂತರು. ಆದರೆ ಅವಳೊಬ್ಬಳಿಗೇ ಅಲ್ಲ, ಕ್ಲಾಸಿನ ಇನ್ನೂ ಕೆಲವು ಮಕ್ಕಳಿಗೂ. ಅಲ್ಲಿಂದ ಹುಟ್ಟಿದ್ದು ಆಲ್ಜೀಬ್ರಾ ಪ್ರಾಜೆಕ್ಟ್. ಅಂದು ಮತದ ಹಕ್ಕು ಹೇಗೋ ಇಂದು ಆಲ್ಜೀಬ್ರಾ ಹಾಗೆ, ಅದಿಲ್ಲದವರು ಮುಂದಿನ ಕಾಲದಲ್ಲಿ ಹೊರಗೇ ಉಳಿಯುತ್ತಾರೆ ಎಂಬುದು 2021ರಲ್ಲಿ ತೀರಿಕೊಳ್ಳುವ ತನಕ ಅವರ ವಾದವಾಗಿತ್ತು. ನನ್ನ ಮಗಳ ಹಾಳೆ ಬದಲಾದ ದಿನ ನಾನು ನೆನೆಸಿಕೊಂಡದ್ದು ಇವರನ್ನೇ. ನಾನು ನನ್ನ ಮಗುವಿಗೆ ಮಾತ್ರ ಕೇಳಿ ಬಂದಿದ್ದೆ.

ಎಂಟನೇ ಕ್ಲಾಸಿನ ಆಲ್ಜೀಬ್ರಾಕ್ಕೆ ಇಷ್ಟು ಬೆಲೆ ಯಾಕೆ? ಲೆಕ್ಕ ಸರಳ. ಎಂಟರಲ್ಲಿ ಆಲ್ಜೀಬ್ರಾ, ಒಂಬತ್ತರಲ್ಲಿ ರೇಖಾಗಣಿತ, ಹತ್ತರಲ್ಲಿ ಎರಡನೇ ಆಲ್ಜೀಬ್ರಾ, ಹನ್ನೊಂದರಲ್ಲಿ ಪ್ರೀ-ಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ಒಂದು ಮೆಟ್ಟಿಲು ತಡವಾದರೆ ಕೊನೆಯದು ಕೈಗೆ ಸಿಗದು. ಹದಿಮೂರು ವರ್ಷದ ಮಗುವಿನ ಹಾಳೆಯಲ್ಲಿ ಹದಿನೆಂಟರ ದಾರಿ ತೀರ್ಮಾನವಾಗಿರುತ್ತದೆ. 1999ರಲ್ಲಿ ಕ್ಲಿಫರ್ಡ್ ಅಡೆಲ್ಮನ್ ಎಂಬ ಸಂಶೋಧಕರು ಸಾವಿರಾರು ಮಕ್ಕಳ ದಾಖಲೆ ಹಿಡಿದು ನೋಡಿದರು. ಪದವಿ ಮುಗಿಸುತ್ತಾರೋ ಇಲ್ಲವೋ ಎಂಬುದನ್ನು ಅಂಕಕ್ಕಿಂತ ಚೆನ್ನಾಗಿ ಹೇಳುತ್ತಿದ್ದದ್ದು, ಹೈಸ್ಕೂಲಿನಲ್ಲಿ ಎಷ್ಟು ಗಟ್ಟಿ ವಿಷಯಗಳನ್ನು ಓದಿದ್ದರು ಎಂಬುದು.

ಅದೇ 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ವಿಷಯ ಕೋರ್ಟಿಗೆ ಹೋಯಿತು. ಇಂಗಲ್‌ವುಡ್ ಹೈಸ್ಕೂಲಿನ ಮಕ್ಕಳ ಪರವಾಗಿ ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಘ ರಾಜ್ಯದ ಮೇಲೆ ಕೇಸು ಹಾಕಿತು. ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳೇ ತುಂಬಿದ್ದ ಆ ಶಾಲೆಯಲ್ಲಿ ಇದ್ದದ್ದು ಮೂರು ಎಪಿ ವಿಷಯ. ಗಣಿತವೂ ಇಲ್ಲ, ವಿಜ್ಞಾನವೂ ಇಲ್ಲ. ಕಾರಿನಲ್ಲಿ ಅರ್ಧ ಗಂಟೆ ದೂರದ ಬೆವರ್ಲಿ ಹಿಲ್ಸ್ ಹೈಸ್ಕೂಲಿನಲ್ಲಿ 14. ಒಂದೂ ಎಪಿ ಇಲ್ಲದ ಸರ್ಕಾರಿ ಹೈಸ್ಕೂಲುಗಳು ರಾಜ್ಯದಲ್ಲಿ ನೂರಕ್ಕೂ ಜಾಸ್ತಿ ಇದ್ದವು. ಕೇಸು ನಡೆಯುತ್ತಿರುವಾಗಲೇ ರಾಜ್ಯ ಎಪಿ ಕ್ಲಾಸುಗಳಿಗೆ ಅನುದಾನ ತೆಗೆದಿಟ್ಟಿತು. ನಾಲ್ಕು ವರ್ಷದ ಬಳಿಕ ಅರ್ಕನ್ಸಾ ರಾಜ್ಯ ಇನ್ನೂ ಮುಂದೆ ಹೋಗಿ, ಪ್ರತಿ ಶಾಲಾ ಜಿಲ್ಲೆಯೂ (ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ನಾಲ್ಕು ಮುಖ್ಯ ವಿಷಯಗಳಲ್ಲಿ ಎಪಿ ಕೊಡಲೇಬೇಕು ಎಂದು ಕಾನೂನು ಮಾಡಿತು. ಪರೀಕ್ಷೆಯ ಶುಲ್ಕವನ್ನೂ ಸರ್ಕಾರವೇ ಕಟ್ಟಲು ಶುರು ಮಾಡಿತು. ಇದು ಸಣ್ಣ ಮಾತಲ್ಲ. ಇವತ್ತು ಒಂದು ಎಪಿ ಪರೀಕ್ಷೆಗೆ ಸುಮಾರು 100 ಡಾಲರ್. ಬಡ ಮಕ್ಕಳಿಗೆ ರಿಯಾಯಿತಿ ಇದೆ, ಆದರೂ ನಾಲ್ಕು ಪರೀಕ್ಷೆ ಎಂದರೆ ಮನೆಯ ಖರ್ಚಿಗೆ ತಟ್ಟುತ್ತದೆ.

ಎಲ್ಲ ಕಡೆ ಇಷ್ಟು ಕೆಲಸ ಆಗಲಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ 2015-16ರ ಲೆಕ್ಕದಲ್ಲಿ ಕ್ಯಾಲ್ಕುಲಸ್ ಇದ್ದದ್ದು ದೇಶದ ಅರ್ಧದಷ್ಟು ಹೈಸ್ಕೂಲುಗಳಲ್ಲಿ. ಕಪ್ಪು ಮತ್ತು ಲ್ಯಾಟಿನೋ ಮಕ್ಕಳೇ ಹೆಚ್ಚಿರುವ ಶಾಲೆಗಳಲ್ಲಿ ಶೇ. 38.

ನಮ್ಮವರ ಮಾತನ್ನೂ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕ್ಯೂಪರ್ಟಿನೊ ಕಡೆಯ ಕನ್ನಡ ಮನೆಗಳಲ್ಲಿ ಮಕ್ಕಳ ಮಾತು ಬಂದರೆ "ಎಷ್ಟು ಎಪಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನೆ ಕೊಳ್ಳುವಾಗ ಮೊದಲು ನೋಡುವುದು ಶಾಲೆಯ ರ್‍ಯಾಂಕು. ಎಪಿ ಪರೀಕ್ಷೆ ಲೆಕ್ಕ ಹಾಕಿ ಶಾಲೆಗೆ ರ್‍ಯಾಂಕು ಕೊಡುವ ಪಟ್ಟಿಯನ್ನು 1998ರಲ್ಲಿ ಶುರು ಮಾಡಿದ್ದು ಪತ್ರಕರ್ತ ಜೇ ಮ್ಯಾಥ್ಯೂಸ್. ಗಾರ್‌ಫೀಲ್ಡ್ ಶಾಲೆಯನ್ನು ಹತ್ತಿರದಿಂದ ಕಂಡವರು ಅವರು. ಎಷ್ಟು ಮಂದಿ ಪಾಸಾದರು ಎಂದಲ್ಲ, ಎಷ್ಟು ಮಂದಿಯನ್ನು ಪರೀಕ್ಷೆಗೆ ಕೂರಿಸಿದರು ಎಂದು ಎಣಿಸಿದರು. ಬಾಗಿಲು ತೆರೆದ ಶಾಲೆಗೆ ಹೆಸರು ಬರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕ್ರಮೇಣ ಇಂಥ ಪಟ್ಟಿಗಳೇ ಅನುಕೂಲಸ್ಥರು ಮನೆ ಹುಡುಕುವ ನಕ್ಷೆಯಾದವು. ನಾವೂ ಅದನ್ನೇ ಹಿಡಿದು ಬಂದವರು.

ಕ್ಲಾಸು ಇದ್ದರೂ ಒಳಗೆ ಹೋಗುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಫ್ಲೋರಿಡಾದ ಬ್ರೊವಾರ್ಡ್ ಕೌಂಟಿಯ ಕಥೆ ಇದನ್ನು ತೋರಿಸಿದಷ್ಟು ಸ್ಪಷ್ಟವಾಗಿ ಇನ್ನಾವುದೂ ತೋರಿಸಿಲ್ಲ. ಹೈಸ್ಕೂಲಿಗಿಂತ ಬಹಳ ಕೆಳಗಿನ ಮಾತು ಅದು. ಅಲ್ಲಿ ಜಾಣ ಮಕ್ಕಳ ವಿಶೇಷ ಕ್ಲಾಸಿಗೆ ಟೀಚರು ಅಥವಾ ಪೋಷಕರು ಹೆಸರು ಕೊಟ್ಟರೆ ಮಾತ್ರ ಪರೀಕ್ಷೆ ಮಾಡುತ್ತಿದ್ದರು. 2005ರಲ್ಲಿ ಪದ್ಧತಿ ಬದಲಾಯಿಸಿ, ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಆಯ್ಕೆಯಾದ ಕಪ್ಪು ಮಕ್ಕಳ ಪ್ರಮಾಣ ಮೊದಲಿದ್ದದ್ದಕ್ಕಿಂತ ಶೇ. 80 ಏರಿತು, ಲ್ಯಾಟಿನೋ ಮಕ್ಕಳದು ಶೇ. 130. ಈ ಮಕ್ಕಳು ಮೊದಲೂ ಅಲ್ಲೇ ಇದ್ದರು, ಅವರ ಹೆಸರು ಹೇಳುವವರು ಇರಲಿಲ್ಲ ಅಷ್ಟೇ. ಮುಂದೆ ಆರ್ಥಿಕ ಮುಗ್ಗಟ್ಟು ಬಂದು ಹಣ ಕಡಿತವಾಯಿತು. ಎಲ್ಲರಿಗೂ ಪರೀಕ್ಷೆ ಮಾಡುವುದು ನಿಂತಿತು. ಹಳೆಯ ಅಂತರ ವಾಪಸ್ ಬಂತು.

ಇದೇ ಯೋಚನೆ ಹೈಸ್ಕೂಲಿಗೂ ಬಂತು. ವಾಷಿಂಗ್ಟನ್ ರಾಜ್ಯದ ಫೆಡರಲ್ ವೇ ಎಂಬ ಶಾಲಾ ಜಿಲ್ಲೆ 2010ರಲ್ಲಿ ಒಂದು ನಿಯಮ ಮಾಡಿತು. ರಾಜ್ಯದ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದ ಪ್ರತಿ ಮಗುವನ್ನೂ ತಾನಾಗಿ ಮೇಲಿನ ಕ್ಲಾಸಿಗೆ ಹಾಕುವುದು, ಬೇಡ ಎನ್ನುವವರು ಬಂದು ಹೇಳುವುದು. ಕೇಳಿದರೆ ಸುಮ್ನೆ ಒಂದು ಕಾಗದದ ಬದಲಾವಣೆ ಅಲ್ವಾ? ಎಪಿ ಕ್ಲಾಸಿನ ಮುಖವನ್ನೇ ಬದಲಾಯಿಸಿತು ಅದು. 2019ರಲ್ಲಿ ಆ ರಾಜ್ಯ ಎಲ್ಲ ಜಿಲ್ಲೆಗಳಿಗೂ ಇಂಥ ನೀತಿ ಕಡ್ಡಾಯ ಮಾಡಿತು. 2018ರಲ್ಲಿ ನಾರ್ತ್ ಕ್ಯಾರೊಲೈನಾ ಗಣಿತದಲ್ಲಿ ಮೇಲಿನ ಮಟ್ಟ ಮುಟ್ಟಿದ ಮಕ್ಕಳಿಗೆ ಇದೇ ಕಾನೂನು ತಂದಿತು.

ಇದಕ್ಕೆ ಎದುರು ದಾರಿ ಹಿಡಿದದ್ದು ಸ್ಯಾನ್ ಫ್ರಾನ್ಸಿಸ್ಕೋ. ಮಕ್ಕಳನ್ನು ಚಿಕ್ಕಂದಿನಲ್ಲೇ ಎರಡು ಗುಂಪು ಮಾಡುವುದು ಬೇಡ ಎಂದು 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜೀಬ್ರಾವನ್ನೇ ಎಲ್ಲರಿಗೂ ತೆಗೆದುಹಾಕಿತು. ಕಾಳಜಿ ನಿಜವಾದದ್ದೇ. ಆದರೆ ದುಡ್ಡಿದ್ದವರು ಹೊರಗೆ ಫೀಸು ಕಟ್ಟಿ ಕಲಿಸಿದರು, ಇಲ್ಲದವರು ಕಾದರು. ಮೇಲಿನ ಗಣಿತದ ಕ್ಲಾಸುಗಳಲ್ಲಿ ಅಂತರ ಹಾಗೇ ಉಳಿಯಿತು. 2024ರಲ್ಲಿ ಶಾಲಾ ಮಂಡಳಿ ಆಲ್ಜೀಬ್ರಾವನ್ನು ಎಂಟಕ್ಕೆ ಮರಳಿ ತರಲು ಒಪ್ಪಿತು. ಊರಿನ ಮತದಾರರೂ ಮಾರ್ಚ್‌ನಲ್ಲಿ ದೊಡ್ಡ ಬಹುಮತದಿಂದ ಅದನ್ನೇ ಹೇಳಿದರು. ಕಲಿಕೆಯನ್ನು ಕಡಿಮೆ ಮಾಡಿ ಸಮಾನತೆ ತರಲಾಗದು ಎಂದು ಈ ಹತ್ತು ವರ್ಷ ನೋಡಿ ನನಗೆ ಅನಿಸಿದೆ.

ಬಾಗಿಲು ತೆರೆದರೆ ಸಾಲದು ಎನ್ನುವವರ ಮಾತಿನಲ್ಲೂ ಹುರುಳಿದೆ. 2023ರಲ್ಲಿ ಸರ್ಕಾರಿ ಹೈಸ್ಕೂಲು ಮುಗಿಸಿದವರಲ್ಲಿ ಮೂರರಲ್ಲಿ ಒಬ್ಬರು ಒಂದಾದರೂ ಎಪಿ ಪರೀಕ್ಷೆ ಬರೆದಿದ್ದರು. 3 ಅಥವಾ ಹೆಚ್ಚು ಅಂಕ ಸಿಕ್ಕವರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ತಯಾರಿ ಇಲ್ಲದೆ ಕೂರಿಸಿದರೆ ಮಗು ಒಂದು ವರ್ಷ ಒದ್ದಾಡಿ, ನನ್ನಿಂದ ಆಗದು ಎಂದು ಎದ್ದು ಬರುತ್ತದೆ. ಎಸ್ಕಲಾಂಟೆ ಅವರ ಬೇಸಿಗೆ ಪಾಠಗಳು ಇದ್ದದ್ದೇ ಇದಕ್ಕಾಗಿ. ಈಗ ಬಹಳ ಕಡೆ ಹತ್ತಿರದ ಕಾಲೇಜಿನ, ಹೆಚ್ಚಾಗಿ ಕಮ್ಯೂನಿಟಿ ಕಾಲೇಜು ಎಂಬ ಎರಡು ವರ್ಷದ ಸ್ಥಳೀಯ ಕಾಲೇಜಿನ, ಪಾಠವನ್ನೇ ಹೈಸ್ಕೂಲಿನ ಮಕ್ಕಳಿಗೆ ಕೊಡುತ್ತಾರೆ. 2022-23ರಲ್ಲಿ ಸುಮಾರು 25 ಲಕ್ಷ ಮಕ್ಕಳು ಹೀಗೆ ಓದಿದರು. ಎಪಿಯಂತೆ ಒಂದೇ ದಿನದ ಪರೀಕ್ಷೆಯ ಮೇಲೆ ಎಲ್ಲವೂ ನಿಲ್ಲುವುದಿಲ್ಲ ಎಂಬುದು ಇದರ ಅನುಕೂಲ.

2018ರಲ್ಲಿ ವಾಷಿಂಗ್ಟನ್ ನಗರದ ಸುತ್ತಲಿನ ಎಂಟು ಹೆಸರಾಂತ ಖಾಸಗಿ ಶಾಲೆಗಳು ಎಪಿ ನಿಲ್ಲಿಸುತ್ತೇವೆ, ನಮ್ಮದೇ ಕೋರ್ಸು ಮಾಡಿಕೊಳ್ಳುತ್ತೇವೆ ಎಂದವು. ಅಂಥದೇ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಇದು. ಅವರ ಮಕ್ಕಳಿಗೆ ಕಾಲೇಜಿನವರು ಶಾಲೆಯ ಹೆಸರು ನೋಡಿಯೇ ಬೆಲೆ ಕೊಡುತ್ತಾರೆ. ಇಂಗಲ್‌ವುಡ್‌ನಂಥ ಊರಿನ ಮಗುವಿಗೆ ಆ ಅನುಕೂಲ ಇಲ್ಲ. ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯ 5 ಎಂಬ ಅಂಕ ಅವಳ ಪರವಾಗಿ ಮಾತಾಡಬೇಕು.

ಟೆಕ್ಸಸ್ ರಾಜ್ಯ 2023ರಲ್ಲಿ ಕಾನೂನು ಮಾಡಿತು. ಐದನೇ ಕ್ಲಾಸಿನ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ. 40ರೊಳಗೆ ಬಂದ ಪ್ರತಿ ಮಗುವೂ ಆರನೇ ಕ್ಲಾಸಿನ ಮೇಲ್ಮಟ್ಟದ ಗಣಿತಕ್ಕೆ ತಾನಾಗಿ ಸೇರುತ್ತದೆ, ಎಂಟರಲ್ಲಿ ಆಲ್ಜೀಬ್ರಾ ಸಿಗಲಿ ಎಂದು. ಯಾರೂ ಶಿಫಾರಸು ಮಾಡಬೇಕಿಲ್ಲ. ಕನ್ನಡ ಕೂಟದ ಊಟದಲ್ಲಿ ಯಾರೋ ಬಂದು ಹೇಳಬೇಕಿಲ್ಲ. ಅಲ್ಲಿ ಅಪ್ಪ ಅಮ್ಮ ಮುಂದೆ ಬಂದು ಹೇಳಬೇಕಾದದ್ದು ಒಂದೇ ಸಂದರ್ಭದಲ್ಲಿ: ಮಗುವಿಗೆ ಆ ಕ್ಲಾಸು ಬೇಡ ಎಂದಾದರೆ.