ಹಾಯಿದೋಣಿಯಿಂದ ತಿಮಿಂಗಿಲ ವೀಕ್ಷಣೆ: ಮೊದಲು ನೋಡಬೇಕಾದದ್ದು ಉಸಿರನ್ನು

ದಡದ ಉದ್ದಕ್ಕೂ ನಿಧಾನವಾಗಿ ಸಾಗುವ ಹಾಯಿದೋಣಿಯಲ್ಲಿ ಮೊದಲ ಸಲ ತಿಮಿಂಗಿಲವನ್ನು ಹುಡುಕುವವರು ಸಾಮಾನ್ಯವಾಗಿ ನೀರಿನಿಂದ ಮೇಲಕ್ಕೆ ಚಿಮ್ಮುವ ಭಾರೀ ದೇಹಕ್ಕಾಗಿ ಕಾಯುತ್ತಾರೆ. ಅಂಥ ನೆಗೆತ ಕಾಣಸಿಗುವುದು ಅಪರೂಪ. ತಿಮಿಂಗಿಲವು ಶ್ವಾಸಕೋಶದಿಂದ ಉಸಿರಾಡುವ ಸಸ್ತನಿಯಾದ್ದರಿಂದ ಅದು ಮತ್ತೆ ಮತ್ತೆ ಮೇಲ್ಮೈಗೆ ಬರಲೇಬೇಕು. ನಮ್ಮ ಹುಡುಕಾಟವೆಲ್ಲ ಆ ಉಸಿರಿನದ್ದೇ ಆಗಿರಬೇಕು.

ಚಿತ್ರಗಳಲ್ಲಿ ಕಾರಂಜಿಯಂತೆ ತೋರಿಸುವ ಆ ಚಿಲುಮೆ ನಿಜವಾಗಿ ನೀರಿನದ್ದಲ್ಲ. ತಲೆಯ ಮೇಲಿನ ಉಸಿರುರಂಧ್ರದಿಂದ ರಭಸವಾಗಿ ಹೊರಬರುವ ಬೆಚ್ಚಗಿನ ತೇವಾಂಶಭರಿತ ಗಾಳಿಯು ಹನಿಗಟ್ಟಿ, ಲೋಳೆಯ ಕಣಗಳೊಂದಿಗೂ ರಂಧ್ರದ ಮೇಲಿದ್ದ ಅಲ್ಪ ನೀರಿನೊಂದಿಗೂ ಬೆರೆತು ಮಂಜಿನ ಕಂಬದಂತೆ ಕಾಣುತ್ತದೆ ಮತ್ತು ಕೆಲವೇ ಕ್ಷಣಗಳಲ್ಲಿ ಕರಗಿಹೋಗುತ್ತದೆ. ಗಾಳಿಯ ಬಲವನ್ನು ಹಂತಗಳಲ್ಲಿ ಹೇಳುವ ಬ್ಯೂಫೋರ್ಟ್ ಮಾಪಕದಲ್ಲಿ ಗಾಳಿ 3ನೇ ಹಂತಕ್ಕೆ ಏರಿದಾಗ ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿನೊರೆ ಮೂಡಲಾರಂಭಿಸುವುದರಿಂದ, ನೊರೆಗೂ ಉಸಿರಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಮೊದಲು ಬರಿಗಣ್ಣಿನಿಂದ ದಿಗಂತದುದ್ದಕ್ಕೂ ನೋಡಿ, ಅನುಮಾನ ಬಂದ ಕಡೆಗೆ ಮಾತ್ರ ಬೈನಾಕ್ಯುಲರ್ ಹಿಡಿಯುವುದು ಒಳ್ಳೆಯದು. ಓಲಾಡುವ ದೋಣಿಯಲ್ಲಿ 7 ಪಟ್ಟು ಹಿಗ್ಗಿಸುವ ಮಸೂರವೇ ಸಾಕು, ಅದಕ್ಕಿಂತ ಹೆಚ್ಚಾದರೆ ದೃಶ್ಯ ನಡುಗುತ್ತದೆ.

ಉಸಿರಿನ ಆಕಾರವನ್ನು ಕಲಿತುಕೊಳ್ಳುವುದು ಈ ಅಧ್ಯಯನದ ಅತ್ಯಂತ ಸೊಗಸಾದ ಭಾಗವೆಂದು ನನ್ನ ಭಾವನೆ. ನೀಲಿ ತಿಮಿಂಗಿಲದ ಉಸಿರು ಸುಮಾರು 9 ಮೀಟರ್‌ವರೆಗೂ ಏರುವ ನೇರ ಕಂಬ. ಹಂಪ್‌ಬ್ಯಾಕ್ ಎಂಬ ಜಾತಿಯ ತಿಮಿಂಗಿಲದ್ದು ಗಿಡ್ಡ, ಪೊದೆಯಂತೆ ಹರಡಿದ್ದು. ರೈಟ್ ತಿಮಿಂಗಿಲದ ಎರಡು ರಂಧ್ರಗಳು ದೂರದೂರ ಇರುವುದರಿಂದ, ಹಿಂದಿನಿಂದಲೋ ಮುಂದಿನಿಂದಲೋ ನೋಡಿದಾಗ ಅದರ ಉಸಿರು ಎರಡಾಗಿ ಕವಲೊಡೆಯುತ್ತದೆ. ಸ್ಪರ್ಮ್ ತಿಮಿಂಗಿಲಕ್ಕಾದರೋ ಒಂದೇ ರಂಧ್ರ, ಅದೂ ತಲೆಯ ಮುಂತುದಿಯ ಎಡಭಾಗದಲ್ಲಿ. ಹಾಗಾಗಿ ಅದರ ಉಸಿರು ಮುಂದಕ್ಕೂ ಎಡಕ್ಕೂ ವಾಲಿರುತ್ತದೆ. ಗಾಳಿ ಜೋರಾಗಿದ್ದರೆ ಯಾವ ಆಕಾರವನ್ನೂ ಪೂರ್ತಿ ನಂಬಲಾಗದು.

ಉಸಿರು ಕಂಡ ಕೂಡಲೇ ದೋಣಿಯ ಮುಂತುದಿಯನ್ನು ಗಡಿಯಾರದ 12 ಎಂದು ಭಾವಿಸಿ ದಿಕ್ಕನ್ನು ಜೊತೆಗಾರರಿಗೆ ಕೂಗಿ ಹೇಳಬೇಕು, ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. ಹಂಪ್‌ಬ್ಯಾಕ್ ಕೆಲವು ಸಲ ಉಸಿರಾಡಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬಾಲವನ್ನು ಎತ್ತಿ ಮುಳುಗಿದರೆ ಹಲವು ನಿಮಿಷ ಕಾಯಬೇಕಾಗುತ್ತದೆ. ಸ್ಪರ್ಮ್ ತಿಮಿಂಗಿಲವಾದರೆ ಮುಕ್ಕಾಲು ಗಂಟೆಯೂ ಆಗಬಹುದು. ಹಂಪ್‌ಬ್ಯಾಕ್ ಎತ್ತಿದ ಬಾಲದ ಕೆಳಬದಿಯ ಕಪ್ಪುಬಿಳುಪು ವಿನ್ಯಾಸ ಪ್ರತಿ ಪ್ರಾಣಿಗೂ ಬೇರೆಯಾಗಿದ್ದು, ಸಂಶೋಧಕರು ಅದರ ಛಾಯಾಚಿತ್ರದಿಂದಲೇ ಒಂದೊಂದನ್ನೂ ಗುರುತಿಸುತ್ತಾರೆ. ಮುಳುಗಿದ ಜಾಗದಲ್ಲಿ, ಬಾಲದ ಬಡಿತದಿಂದ ಮೇಲೆದ್ದ ನೀರು ಸಣ್ಣ ಅಲೆಗಳನ್ನು ಅಳಿಸಿಹಾಕಿ, ಎಣ್ಣೆ ಚೆಲ್ಲಿದಂತೆ ನುಣುಪಾದ ದುಂಡನೆಯ ಗುರುತನ್ನು ಸ್ವಲ್ಪ ಹೊತ್ತು ಉಳಿಸಿರುತ್ತದೆ. ಇಂಥ ಗುರುತುಗಳು ಸಾಲಾಗಿ ಕಂಡರೆ ತಿಮಿಂಗಿಲ ಸಾಗುತ್ತಿರುವ ದಿಕ್ಕು ತಿಳಿಯುತ್ತದೆ.

ದಿಕ್ಕು ತಿಳಿಯಿತೆಂದು ಅದರ ದಾರಿಗೆ ಅಡ್ಡ ಹೋಗಬಾರದು. ಎಂಜಿನ್ನಿನ ಸದ್ದಿಲ್ಲದೆ ಸಾಗುವ ಹಾಯಿದೋಣಿ ಬರುವುದು ತಿಮಿಂಗಿಲಕ್ಕೆ ಗೊತ್ತಾಗದೆ ಹೋಗಬಹುದಾದ್ದರಿಂದ ಡಿಕ್ಕಿಯ ಅಪಾಯ ಇಬ್ಬರಿಗೂ ಇದೆ. ವೇಗ ತಗ್ಗಿಸಿ, ಪಕ್ಕದಲ್ಲಿ ಸಮಾನಾಂತರವಾಗಿ, ಹಲವು ದೇಶಗಳ ನಿಯಮದಂತೆ ಕನಿಷ್ಠ 100 ಮೀಟರ್ ದೂರದಲ್ಲಿ ಸಾಗಬೇಕು. ಎತ್ತರದ ಉಸಿರೊಂದರ ಪಕ್ಕದಲ್ಲೇ ಗಿಡ್ಡ ಉಸಿರೊಂದು ಪದೇ ಪದೇ ಏಳುತ್ತಿದ್ದರೆ ಅದು ತಾಯಿ ಮತ್ತು ಮರಿ ಇರಬಹುದು. ಆಗ ಆ ದೂರವೂ ಸಾಲದು, ಹಾಯಿಯನ್ನು ಸಡಿಲಿಸಿ ಇನ್ನಷ್ಟು ಹಿಂದೆ ಉಳಿಯಬೇಕು.